ಲೈಟ್ ಸೇಸನ್ "ನೀರು ನೀರು" ಅಂದವರಿಗೆ: ಎರಡನೇ ಬಾಟಲಿ ತೆರೆಯುವ ಮುಂಚೆ ಇದನ್ನು ಓದಿ

ನಿಮ್ಮ ಪೋಸ್ಟ್ ಓದಿದೆ. ಬೆಂಗಳೂರಿನ ಕ್ರಾಫ್ಟ್ ಬ್ರೂವರಿಯಿಂದ ಶೇ. 3.8 ಆಲ್ಕೋಹಾಲ್ ಇರುವ ಸೇಸನ್ (ಬೆಲ್ಜಿಯಂ ಮೂಲದ ಒಂದು ಬಗೆಯ ಬಿಯರ್) ಎರಡು ಬಾಟಲಿ ತಂದಿದ್ದೀರಿ. ಮೈಸೂರಿಗೆ ಬಂದ ತಕ್ಷಣ ಒಂದನ್ನು ಫ್ರೀಜರ್‌ಗೆ ತಳ್ಳಿ, ಹಿಮ ಕಟ್ಟಿದ ಮಗ್‌ಗೆ ಅಂಚಿನವರೆಗೆ ಸುರಿದು, ಖಾರ ಕಡಲೆಕಾಯಿಬೀಜದ ಜೊತೆ ಕುಡಿದು, "ನೀರು ನೀರು, ದುಡ್ಡು ದಂಡ" ಅಂತ ಐದಕ್ಕೆ ಒಂದು ಅಂಕ ಕೊಟ್ಟಿದ್ದೀರಿ. ಕೆಳಗೆ ಕೆಲವರು ಹೌದು ಹೌದು ಅಂತ ಬೇರೆ ಬರೆದಿದ್ದಾರೆ. ನಾವು ಗೆಳೆಯರೂ ಹಿಂದೆ ಥೇಟ್ ಹೀಗೇ ಒಂದು ಒಳ್ಳೆ ಬಾಟಲಿ ಹಾಳು ಮಾಡಿದ್ದೇವೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಎರಡನೇ ಬಾಟಲಿ ಇನ್ನೂ ಹಾಗೇ ಇದೆ ಅಲ್ವಾ? ಫ್ರೀಜರ್‌ನಲ್ಲಿದ್ದರೆ ಈಗಲೇ ತೆಗೆದು ಕೆಳಗಿನ ಫ್ರಿಜ್‌ನಲ್ಲಿ ಇಡಿ. ಮಲಗಿಸಬೇಡಿ, ನೆಟ್ಟಗೆ ನಿಲ್ಲಿಸಿ.

ಸೇಸನ್‌ನ ರುಚಿಯಲ್ಲಿ ಮುಕ್ಕಾಲು ಪಾಲು ಯೀಸ್ಟ್ ಕೊಡುವುದು. ಕರಿಮೆಣಸಿನ ಘಾಟು, ಸ್ವಲ್ಪ ಲವಂಗ, ಕಿತ್ತಳೆ ಸಿಪ್ಪೆ, ಹುಲ್ಲಿನ ವಾಸನೆ, ಎಲ್ಲ ಮೂಗಿಗೆ ಬಂದರೇ ಬಾಯಿಗೆ ಗೊತ್ತಾಗುವುದು. ಎರಡು ಮೂರು ಡಿಗ್ರಿಯಲ್ಲಿ ಅದು ಮೇಲೇಳುವುದೇ ಇಲ್ಲ. ಕಿಂಗ್‌ಫಿಷರ್ ಥರದ ಲಾಗರನ್ನು ಅಷ್ಟು ತಣ್ಣಗೆ ಕುಡಿಯಿರಿ, ಅದು ಅದಕ್ಕೇ ಇರುವುದು, ನನಗೂ ಬೇಸಿಗೆಯಲ್ಲಿ ಇಷ್ಟ. ಸೇಸನ್‌ಗೆ 7ರಿಂದ 10 ಡಿಗ್ರಿ ಬೇಕು. ಇಷ್ಟು ಕಡಿಮೆ ಆಲ್ಕೋಹಾಲ್ ಇರುವುದಕ್ಕೆ ನಾನು 12ರವರೆಗೂ ಬಿಡುತ್ತೇನೆ, ಯಾಕೆಂದರೆ ವಾಸನೆಯನ್ನು ಎತ್ತಿ ಕೊಡುವುದಕ್ಕೆ ಆಲ್ಕೋಹಾಲ್ ಸಹಾಯವೂ ಇದರಲ್ಲಿ ಕಡಿಮೆ. ನಮ್ಮ ಏಪ್ರಿಲ್ ಬಿಸಿಲಿಗೆ ಫ್ರಿಜ್‌ನಿಂದ ತೆಗೆದು ಹತ್ತು ನಿಮಿಷ ಸಾಕು, ಡಿಸೆಂಬರ್‌ನಲ್ಲಿ ಇಪ್ಪತ್ತು. ಅಡುಗೆಮನೆ ಥರ್ಮಾಮೀಟರ್ ಇದ್ದರೆ ಸುಮ್ನೆ ಊಹೆ ಮಾಡುವುದು ತಪ್ಪುತ್ತದೆ.

ಈಗ ಸುರಿಯುವ ವಿಷಯ. ಎಷ್ಟು ಹೇಳಿದರೂ ಜನ ಇದನ್ನು ಮಾಡುವುದಿಲ್ಲ. ಎರಡು ಲೋಟ ಇಟ್ಟುಕೊಳ್ಳಿ. ಟುಲಿಪ್ ಹೂವಿನ ಆಕಾರದ ಬಿಯರ್ ಲೋಟ ಇದ್ದರೆ ಸರಿ, ಇಲ್ಲದಿದ್ದರೆ ವೈನ್ ಲೋಟ ನಡೆಯುತ್ತದೆ. ಬಾಯಿ ಅಗಲದ ಮಗ್ ಬೇಡ, ಸ್ಟೀಲ್ ಲೋಟವಂತೂ ಬೇಡವೇ ಬೇಡ. ಇಂಥ ಬಾಟಲಿಗಳಲ್ಲಿ ಸಾಮಾನ್ಯವಾಗಿ ತಳದಲ್ಲಿ ಯೀಸ್ಟ್ ಮಡ್ಡಿ ಕೂತಿರುತ್ತದೆ. ಮೊದಲ ಲೋಟವನ್ನು ಓರೆ ಹಿಡಿದು ನಿಧಾನವಾಗಿ ಸುರಿಯಿರಿ, ಕೊನೆಗೆ ನೇರ ಮಾಡಿ ಎರಡು ಬೆರಳು ನೊರೆ ಬರಿಸಿ, ಅರ್ಧ ಬಾಟಲಿಗೆ ನಿಲ್ಲಿಸಿ. ಇದು ತಿಳಿ. ಉಳಿದ ಅರ್ಧ ಬಾಟಲಿಯಲ್ಲೇ ಇರಲಿ. ತಿಳಿ ಲೋಟವನ್ನು ಮೊದಲು ಬರೀ ಮೂಸಿ, ಆಮೇಲೆ ಸಣ್ಣ ಗುಟುಕು, ನುಂಗಿದ ಮೇಲೆ ಮೂಗಿನಿಂದ ಉಸಿರು ಬಿಡಿ. ಮೆಣಸು ಸಿಗುವುದು ಅಲ್ಲೇ. ಹತ್ತು ಹದಿನೈದು ನಿಮಿಷ ಬಿಟ್ಟು ಬಾಟಲಿಯನ್ನು ಒಂದು ಸುತ್ತು ಮೆಲ್ಲಗೆ ತಿರುಗಿಸಿ, ಮಡ್ಡಿ ಎದ್ದ ಮೇಲೆ ಎರಡನೇ ಲೋಟಕ್ಕೆ ಹಾಕಿ. ಮೊದಲ ಲೋಟದಲ್ಲಿ ಎರಡು ಗುಟುಕು ಉಳಿಸಿಕೊಂಡಿರಬೇಕು, ಇಲ್ಲದಿದ್ದರೆ ಹೋಲಿಸುವುದು ಯಾವುದರ ಜೊತೆ? ಎರಡನೆಯದು ಮಬ್ಬಾಗಿರುತ್ತದೆ, ಬ್ರೆಡ್ಡಿನ ರುಚಿ ಬರುತ್ತದೆ, ಬಾಯಿ ತುಂಬುತ್ತದೆ, ಕಹಿ ಸ್ವಲ್ಪ ಮೆತ್ತಗಾಗುತ್ತದೆ. ನೀವು ನೀರು ಅಂದದ್ದು ಇದೇ ಬಿಯರನ್ನು.

ಮಡ್ಡಿಯಲ್ಲಿ ಸೋಯಾ ಸಾಸ್ ಅಥವಾ ಮಾಂಸದ ಸಾರಿನ ವಾಸನೆ ಬಂದರೆ ಬಾಟಲಿ ಹಳೆಯದು, ಯೀಸ್ಟ್ ಸತ್ತು ಒಡೆದಿದೆ, ತಿಳಿ ಮಾತ್ರ ಕುಡಿಯಿರಿ. ಹೊಟ್ಟೆ ಉಬ್ಬರ ಇರುವವರೂ ಮಡ್ಡಿ ಬಿಡುವುದು ಒಳ್ಳೆಯದು. ಫಿಲ್ಟರ್ ಮಾಡಿದ್ದಾದರೆ ಮಡ್ಡಿಯೇ ಇರುವುದಿಲ್ಲ, ಆದರೂ ಎರಡು ಸಲ ಸುರಿಯಿರಿ, ತಣ್ಣಗಿದ್ದದ್ದು ಬೆಚ್ಚಗಾಗುತ್ತಾ ಎಷ್ಟು ಬದಲಾಗುತ್ತದೆ ಅಂತ ಗೊತ್ತಾಗುತ್ತದೆ.

ಇನ್ನು "ತೆಳು" ಅನ್ನುವ ದೂರು. ತೆಳುವಾಗಿಯೇ ಇರಬೇಕು. ಸೇಸನ್ ಯೀಸ್ಟ್ ಬೇರೆ ಯೀಸ್ಟ್ ಮುಟ್ಟದ ಸಕ್ಕರೆಯನ್ನೂ ತಿಂದು ಹಾಕುತ್ತದೆ. ಸಕ್ಕರೆ ಕರಗಿದ ರಸದ ಸಾಂದ್ರತೆ (ನೀರಿನದು 1.000) 1.034ರಲ್ಲಿ ಶುರುವಾಗಿ 1.005ಕ್ಕೆ ಇಳಿದರೆ ನಿಮ್ಮ ಶೇ. 3.8 ಬಂತು. ಸಿಹಿ ಉಳಿದಿಲ್ಲ, ಬಾಯಿ ಒಣಗಿದ ಹಾಗಾಗುತ್ತದೆ, ಅದಕ್ಕೇ ಇನ್ನೊಂದು ಗುಟುಕು ಬೇಕು ಅನ್ನಿಸುವುದು. ಬಾಯಿ ತುಂಬಿಸುವ ಕೆಲಸ ಗ್ಯಾಸ್‌ನದ್ದು, ಮತ್ತೆ ಗೋಧಿ ಅಥವಾ ಓಟ್ಸ್ ಹಾಕಿದ್ದರೆ ಅದರದ್ದು. ಬೆಲ್ಜಿಯಂನ ಎನೋ ಪ್ರಾಂತ್ಯದ ಹೊಲಗಳಲ್ಲಿ ಬೇಸಿಗೆ ಕೆಲಸದವರಿಗೆ ಕೊಡುತ್ತಿದ್ದ ಬಿಯರ್‌ನಿಂದ ಬಂದ ಬಗೆ ಇದು ಅನ್ನುತ್ತಾರೆ. ಗದ್ದೆಯಲ್ಲಿ ಮಧ್ಯಾಹ್ನ ಮಜ್ಜಿಗೆ ಕುಡಿದ ಹಾಗೆ, ದಾಹ ತೀರಬೇಕು, ಕೆಲಸ ನಿಲ್ಲಬಾರದು. ಈಗ ಎಲ್ಲರೂ ಮಾದರಿ ಅನ್ನುವ ಸೇಸನ್ ಡುಪಾಂ ಶೇ. 6.5 ಇದೆ, ಅದನ್ನು ಕುಡಿದು ಅಭ್ಯಾಸ ಆದವರಿಗೆ ಇದು ಚಿಕ್ಕದು ಅನ್ನಿಸಬಹುದು. ಆದರೆ ಬಿಯರ್ ತೀರ್ಪುಗಾರರ ಸಂಸ್ಥೆ ಬಿಜೆಸಿಪಿಯ 2021ರ ಬಿಯರ್ ಬಗೆಗಳ ಪಟ್ಟಿಯಲ್ಲೇ ಟೇಬಲ್ ಸೇಸನ್, ಅಂದರೆ ಲೈಟ್ ಸೇಸನ್, ಶೇ. 3.5ರಿಂದ 5. ಕಿಕ್ ಬೇಕು ಅಂದರೆ ಶೇ. 8ರ ಹತ್ತಿರದ ಸ್ಟ್ರಾಂಗ್ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಅದರ ಅಳತೆಗೋಲಲ್ಲಿ ಇದನ್ನು ಅಳೆದು ಒಂದು ಅಂಕ ಕೊಡುವುದು ಅನ್ಯಾಯ, ನಿಮ್ಮ ಪೋಸ್ಟ್ ನೋಡಿ ಬೇರೆಯವರು ಕೊಳ್ಳುವುದನ್ನು ಬಿಡುತ್ತಾರೆ, ಆಮೇಲೆ ಬ್ರೂವರಿಯವರು ಇಂಥದ್ದು ಮಾಡುವುದನ್ನೇ ನಿಲ್ಲಿಸುತ್ತಾರೆ.

"ಮಸಾಲೆ ಹಾಕಿದ್ದಾರೆ" ಅಂತ ಒಬ್ಬರು ಬರೆದಿದ್ದಾರೆ. ಬೆಲ್ಜಿಯಂನ ಗೋಧಿ ಬಿಯರ್ ಹೂಗಾರ್ಡನ್‌ಗೆ ನಿಜವಾಗಿಯೂ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕುತ್ತಾರೆ. ಸೇಸನ್‌ಗೆ ಸಾಮಾನ್ಯವಾಗಿ ಏನೂ ಹಾಕಿರುವುದಿಲ್ಲ, ಯೀಸ್ಟೇ ಆ ರುಚಿ ಮಾಡುತ್ತದೆ. ಹೂಗಾರ್ಡನ್ ನನಗೆ ಇಷ್ಟವೇ, ಪಕ್ಕದಲ್ಲಿ ಇಟ್ಟುಕೊಂಡು ಕುಡಿದರೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಆದರೆ ಐಪಿಎ ಅನ್ನುವ ಕಹಿ ಬಿಯರ್ ಮೊದಲು ಕುಡಿದು ಇದಕ್ಕೆ ಬರಬೇಡಿ, ನಾಲಗೆಗೆ ಆ ಕಹಿ ಬಿಟ್ಟು ಬೇರೇನೂ ತಿಳಿಯುವುದಿಲ್ಲ.

ಲೋಟ ತೊಳೆಯುವುದರಲ್ಲೂ ಎಲ್ಲರೂ ಎಡವುತ್ತಾರೆ. ನಿಂಬೆ ಪರಿಮಳದ ಸೋಪಿನ ಪಸೆ ಒಂದು ಚೂರು ಉಳಿದರೂ ನೊರೆ ನಿಲ್ಲುವುದಿಲ್ಲ, ಮೂಗಿಗೆ ನಿಂಬೆಯೇ ಬರುತ್ತದೆ. ಅಡುಗೆ ಸೋಡಾ ಹಾಕಿ ಉಜ್ಜಿ, ಧಾರಾಳ ನೀರಲ್ಲಿ ತೊಳೆದು, ಬೋರಲು ಹಾಕಿ ಗಾಳಿಯಲ್ಲೇ ಒಣಗಿಸಿ, ಬಟ್ಟೆಯಲ್ಲಿ ಒರೆಸಬೇಡಿ. ಕುಡಿಯುತ್ತಾ ಹೋದಂತೆ ಲೋಟದ ಒಳಗೆ ನೊರೆ ಬಳೆ ಬಳೆಯಾಗಿ ಅಂಟಿದರೆ ಲೋಟ ಶುದ್ಧ. ಹಿಮ ಕಟ್ಟಿದ ಮಗ್ ಅಂತೂ ಬಿಡಿ: ಆ ಹಿಮ ಕರಗಿ ಬಿಯರ್‌ಗೇ ಸೇರುತ್ತದೆ, ಫ್ರೀಜರ್‌ನಲ್ಲಿ ಮೀನು ಇದ್ದರೆ ಅದರ ವಾಸನೆಯನ್ನೂ ತರುತ್ತದೆ.

ಖಾರ ಕಡಲೆಕಾಯಿಬೀಜ ಯಾಕೆ ಬೇಡ ಅಂದರೆ, ಇದರಲ್ಲಿ ಗ್ಯಾಸ್ ಜಾಸ್ತಿ, ಮೆಣಸಿನಕಾಯಿ ಉರಿಯನ್ನು ಅದು ಇನ್ನೂ ಕೆರಳಿಸುತ್ತದೆ. ಉಪ್ಪು ಹಾಕಿ ಹುರಿದ ಬೀಜ, ಸೌತೆಕಾಯಿ, ಹೆಸರುಬೇಳೆ ಕೋಸಂಬರಿ ಚೆನ್ನಾಗಿ ಹೊಂದುತ್ತದೆ. ಮದ್ದೂರು ವಡೆ ಇನ್ನೂ ಚೆನ್ನ, ಈರುಳ್ಳಿಯ ಸಿಹಿ ಮತ್ತು ಎಣ್ಣೆ ಎರಡಕ್ಕೂ ಈ ಒಣ ರುಚಿ ಸರಿಯಾಗಿ ಕೂರುತ್ತದೆ. ಬೆಂಗಳೂರಿಂದ ಬರುವಾಗ ಹೇಗೂ ದಾರಿಯಲ್ಲೇ ಸಿಗುತ್ತದೆ. ನಾಟಿಕೋಳಿ ಸಾರಿನ ಮುಂದೆ ಮಾತ್ರ ಇಡಬೇಡಿ, ಸಾರು ಇದನ್ನು ನುಂಗಿಬಿಡುತ್ತದೆ.

ದಾರಿ ಅಂದಮೇಲೆ ಇದನ್ನೂ ಹೇಳಿಬಿಡುತ್ತೇನೆ. ಬಿಸಿಲಲ್ಲಿ ಕಾರಿನ ಡಿಕ್ಕಿಯಲ್ಲಿ ಮಂಡ್ಯ ದಾಟಿ ಬರುವಷ್ಟರಲ್ಲಿ ಬಾಟಲಿ ಕಾಯುತ್ತದೆ, ಮಡ್ಡಿಯೂ ಕದಡುತ್ತದೆ. ಬಂದ ದಿನವೇ ತೆರೆದರೆ ಅರ್ಧ ಬಿಯರ್ ನೊರೆಯಾಗಿ ನೆಲಕ್ಕೆ ಹೋಗುತ್ತದೆ, ಬೋಗಾದಿಯ ಗೆಳೆಯರ ತಾರಸಿಯಲ್ಲಿ ಕಣ್ಣಾರೆ ನೋಡಿದ್ದೇನೆ. ಐಸ್ ಬಾಕ್ಸ್‌ನಲ್ಲಿ ತನ್ನಿ, ಒಂದು ರಾತ್ರಿಯಾದರೂ ಫ್ರಿಜ್‌ನಲ್ಲಿ ನಿಲ್ಲಿಸಿ. ಯೀಸ್ಟ್ ಜೀವಂತ ಇರುವ ಸೇಸನ್ ಬೆಚ್ಚಗಿದ್ದರೆ ಬಾಟಲಿಯೊಳಗೇ ಸಕ್ಕರೆ ತಿನ್ನುವುದನ್ನು ಯೀಸ್ಟ್ ಮುಂದುವರಿಸಬಹುದು, ಒತ್ತಡ ಏರುತ್ತದೆ, ಹಾಗಾಗಿ ಕಪಾಟಿನಲ್ಲಿ ತಿಂಗಳುಗಟ್ಟಲೆ ಇಡುವ ಸರಕು ಇದಲ್ಲ. ಹಸಿರು ಬಾಟಲಿಯಾದರೆ ಬೆಳಕಿಗೂ ಇಡಬೇಡಿ, ಬಿಯರ್‌ಗೆ ಕಹಿ ಕೊಡುವ ಹಾಪ್ಸ್ ಹೂವಿನ ಅಂಶ ಕೆಟ್ಟು ಗಬ್ಬು ವಾಸನೆ ಬರುತ್ತದೆ. ಕೊಳ್ಳುವಾಗ ತಯಾರಾದ ತಾರೀಖು ನೋಡಿ. ಮತ್ತೆ ಶೇ. 3.8 ತಾನೆ ಅಂತ ಕುಡಿದು ಗಾಡಿ ಹತ್ತಬೇಡಿ. ಕಾನೂನಿನ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ, ಲೈಟ್ ಬಿಯರ್ ಕುಡಿದೂ ಅದನ್ನು ದಾಟಬಹುದು.

ಇಷ್ಟೆಲ್ಲ ಮಾಡಿದ ಮೇಲೂ ಬೆಣ್ಣೆ ವಾಸನೆ, ಬೇಯಿಸಿದ ಮೆಕ್ಕೆಜೋಳದ ವಾಸನೆ ಅಥವಾ ಒದ್ದೆ ರಟ್ಟಿನ ರುಚಿ ಬಂದರೆ ತಪ್ಪು ನಿಮ್ಮದಲ್ಲ. ಆಗ ಬಾಟಲಿಯ ಬ್ಯಾಚ್ ನಂಬರ್ ಸಮೇತ ಬ್ರೂವರಿಗೆ ಬರೆಯಿರಿ, ಒಳ್ಳೆಯವರು ಉತ್ತರ ಕೊಡುತ್ತಾರೆ. ಕುಡಿಯಲು ಮನಸ್ಸಿಲ್ಲದೆ ಉಳಿದದ್ದನ್ನು ಸಿಂಕ್‌ಗೆ ಚೆಲ್ಲಬೇಡಿ. ಗ್ಯಾಸ್ ಇರುವಾಗಲೇ ಕಡಲೆಹಿಟ್ಟು, ಸ್ವಲ್ಪ ಅಕ್ಕಿಹಿಟ್ಟಿಗೆ ನೀರಿನ ಬದಲು ಹಾಕಿ ಈರುಳ್ಳಿ ಬಜ್ಜಿ ಕರಿಯಿರಿ, ಗರಿಗರಿ ಬರುತ್ತದೆ. ಮಕ್ಕಳಿಗೆ ಬೇರೆ ಹಿಟ್ಟು ಕಲಸಿ, ಕರಿದರೂ ಆಲ್ಕೋಹಾಲ್ ಪೂರ್ತಿ ಹೋಗುವುದಿಲ್ಲ.