ಓದುಗರ ಪ್ರಶ್ನೆ: ಲಿನಕ್ಸ್‌ ತಂತ್ರಾಂಶವನ್ನು ವಿಂಡೋಸ್‌ಗೆ ತರುವ ಬಗೆ

ಪ್ರಶ್ನೆ: ಕನ್ನಡ ಪದಪಟ್ಟಿಗಳನ್ನು ಅಕಾರಾದಿಯಾಗಿ ಜೋಡಿಸುವ, ಸಿ ಭಾಷೆಯ ಮುಕ್ತ ತಂತ್ರಾಂಶವೊಂದನ್ನು ಲಿನಕ್ಸ್‌ನಲ್ಲಿ ಬಳಸುತ್ತಿದ್ದೇನೆ. ನಮ್ಮ ಕಾಲೇಜಿನ ಕಂಪ್ಯೂಟರ್‌ಗಳಲ್ಲಿರುವುದು ವಿಂಡೋಸ್‌. ಲಿನಕ್ಸ್‌ ತಂತ್ರಾಂಶಗಳನ್ನು ವಿಂಡೋಸ್‌ನಲ್ಲಿ ಓಡಿಸಲು ನೆರವಾಗುವ ಸಿಗ್ವಿನ್‌ ಮೂಲಕ ಅದು ಓಡುತ್ತದೆ. ಆದರೆ ಅದರ ಹಂಗಿಲ್ಲದೆ ಓಡಬೇಕೆಂದು ಮಿನ್‌ಜಿಡಬ್ಲ್ಯೂ ಎಂಬ ಕಂಪೈಲರ್‌ ಸಲಕರಣೆಯಲ್ಲಿ ಕಂಪೈಲ್‌ ಮಾಡಹೋದರೆ ‘ಫೋರ್ಕ್‌’ ಇಲ್ಲವೆಂಬ ದೋಷ ಬರುತ್ತದೆ. ಆ ಭಾಗವನ್ನು ತೆಗೆದರೆ, ಕನ್ನಡ ಹೆಸರಿನ ಕಡತಗಳು ತೆರೆಯುವುದಿಲ್ಲ. ಏನು ಮಾಡಬೇಕು?
– ಓದುಗರೊಬ್ಬರು, ಧಾರವಾಡ

ಉತ್ತರ: ಸಿಗ್ವಿನ್‌ ತನ್ನದೇ ಡಿಎಲ್‌ಎಲ್‌ (ಪ್ರೋಗ್ರಾಮು ಓಡುವಾಗ ಬಳಸುವ ಲೈಬ್ರರಿ ಕಡತ) ಒಂದರ ಮೂಲಕ ಯುನಿಕ್ಸ್‌ (ಲಿನಕ್ಸ್‌ ಅನುಸರಿಸುವ ವ್ಯವಸ್ಥೆ) ಕರೆಗಳನ್ನು ವಿಂಡೋಸ್‌ ಕರೆಗಳಾಗಿ ಮಾರ್ಪಡಿಸಿಕೊಡುತ್ತದೆ. ಮಿನ್‌ಜಿಡಬ್ಲ್ಯೂ ಅಂಥ ಮಧ್ಯವರ್ತಿಯಲ್ಲ. ಅದು ನಿಮ್ಮ ಪ್ರೋಗ್ರಾಮನ್ನು ವಿಂಡೋಸ್‌ನ ಸಿ ಲೈಬ್ರರಿಗೆ ನೇರವಾಗಿ ಜೋಡಿಸುತ್ತದೆ. ಆದ್ದರಿಂದ ಮೂಲ ಲೇಖಕರು ಯುನಿಕ್ಸ್‌ ಎಂದೇ ನಂಬಿ ಬರೆದ ಸಾಲುಗಳೆಲ್ಲ ಈಗ ಒಂದೊಂದಾಗಿ ಹೊರಬೀಳುತ್ತವೆ.

ಫೋರ್ಕ್‌ ಕರೆಯು ಪ್ರೊಸೆಸ್‌ನ, ಎಂದರೆ ಓಡುತ್ತಿರುವ ಪ್ರೋಗ್ರಾಮಿನ, ಯಥಾಪ್ರತಿಯನ್ನು ಸೃಷ್ಟಿಸುತ್ತದೆ. ವಿಂಡೋಸ್‌ನ ‘ಕ್ರಿಯೇಟ್‌ಪ್ರೊಸೆಸ್‌’ ಪ್ರೋಗ್ರಾಮೊಂದನ್ನು ಮೊದಲಿನಿಂದ ಆರಂಭಿಸುತ್ತದೆ. ಪೋಸ್ಟ್‌ಗ್ರೆಸ್‌ಕ್ಯುಎಲ್‌ ದತ್ತಸಂಚಯವು ಪ್ರತಿ ಸಂಪರ್ಕಕ್ಕೂ ಒಂದು ಪ್ರೊಸೆಸ್‌ ಫೋರ್ಕ್‌ ಮಾಡುವಂಥದ್ದಾದ್ದರಿಂದ, 2005ರ ಜನವರಿಯಲ್ಲಿ 8.0 ಆವೃತ್ತಿ ಬರುವವರೆಗೆ ಅದರ ಸರ್ವರ್‌ ವಿಂಡೋಸ್‌ನಲ್ಲಿ ಸಿಗ್ವಿನ್‌ ಆಸರೆಯಿಂದಲೇ ನಡೆಯುತ್ತಿತ್ತು. ಆ ಆವೃತ್ತಿಯಲ್ಲಿ ಅದರ ನಿರ್ಮಾಪಕರು ಹೊಸ ಪ್ರೊಸೆಸ್‌ ಹುಟ್ಟಿಸಿ, ಬೇಕಾದ ಮಾಹಿತಿಯನ್ನೆಲ್ಲ ಅದಕ್ಕೆ ದಾಟಿಸಿ, ಹಂಚಿಕೆಯ ಮೆಮೊರಿಗೆ ಅದನ್ನು ಮತ್ತೆ ಜೋಡಿಸುವ ದಾರಿ ಹಿಡಿದರು. ಪ್ರೊಸೆಸ್‌ಗಳಿಗೆ ಸೂಚನೆ ಕೊಡುವ ಯುನಿಕ್ಸ್‌ ಸಿಗ್ನಲ್‌ಗಳಿಗೆ ಬದಲಾಗಿ ನೇಮ್ಡ್‌ ಪೈಪ್‌ (ಪ್ರೊಸೆಸ್‌ಗಳ ನಡುವಿನ ಹೆಸರುಳ್ಳ ಸಂವಹನ ಮಾರ್ಗ) ಬಳಸಿದರು. ನಿಮಗೆ ಅಷ್ಟು ಶ್ರಮ ಬೇಕಾಗಲಿಕ್ಕಿಲ್ಲ. ಮೂಲದಲ್ಲಿ ಫೋರ್ಕ್‌ ಏತಕ್ಕಿದೆ ಎಂಬುದನ್ನು ಮೊದಲು ನೋಡಿ. ಇನ್ನೊಂದು ಪ್ರೋಗ್ರಾಮನ್ನು ಓಡಿಸಲಿಕ್ಕಷ್ಟೇ ಆದರೆ ‘ಸ್ಪಾನ್‌’ ಕರೆ ಸಾಕು. ಕೆಲಸವನ್ನು ಹಂಚಲಿಕ್ಕಾದರೆ ಒಂದೇ ಪ್ರೊಸೆಸ್‌ನೊಳಗೆ ಒಟ್ಟಿಗೆ ಸಾಗುವ ಥ್ರೆಡ್‌ಗಳೇ ಮೇಲು. ಫೋರ್ಕ್‌ ಇರುವ ಭಾಗವನ್ನು ಸುಮ್ಮನೆ ತೆಗೆದುಹಾಕುವುದು ಸರಿಯಲ್ಲ.

ಕಡತಗಳ ತೊಂದರೆಯ ಬೇರು ಬೇರೆಡೆ ಇದೆ. ವಿಂಡೋಸ್‌ನಲ್ಲಿ ಕಡತ ತೆರೆಯುವ ‘ಎಫ್‌ಓಪನ್‌’ ಕರೆಯು ಕಡತದ ಹೆಸರನ್ನು ಸಾಮಾನ್ಯವಾಗಿ ಎಎನ್‌ಎಸ್‌ಐ ಕೋಡ್‌ಪೇಜ್‌ನಲ್ಲಿದೆ (ವಿಂಡೋಸ್‌ನ ಹಳೆಯ ಅಕ್ಷರ-ಸಂಕೇತ ಪಟ್ಟಿಯಲ್ಲಿದೆ) ಎಂದೇ ಓದುತ್ತದೆ. ಕನ್ನಡಕ್ಕೆ ಅಂಥ ಕೋಡ್‌ಪೇಜೇ ಇಲ್ಲ. ಹೀಗಾಗಿ ಆಜ್ಞಾಸಾಲಿನಲ್ಲಿ ‘ಪದಪಟ್ಟಿ’ ಎಂದು ಬರೆದರೂ ಪ್ರೋಗ್ರಾಮಿಗೆ ತಲುಪುವುದು ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಒಳಗೆಲ್ಲ ಯುನಿಕೋಡ್‌ ಅಕ್ಷರಗಳನ್ನು ಬರೆದಿಡುವ ಯುಟಿಎಫ್‌-8 ರೂಪ ಇಟ್ಟುಕೊಂಡು, ವಿಂಡೋಸ್‌ಗೆ ಒಪ್ಪಿಸುವ ಹಂತದಲ್ಲಿ ಮಾತ್ರ ಅದರ ಇನ್ನೊಂದು ರೂಪವಾದ ಯುಟಿಎಫ್‌-16ಕ್ಕೆ ಪರಿವರ್ತಿಸಿ ‘ಡಬ್ಲ್ಯೂಎಫ್‌ಓಪನ್‌’ ಕರೆಯುವುದು ಭದ್ರವಾದ ಮಾರ್ಗ. ವಿಂಡೋಸ್‌ 10ರ 1903 ಆವೃತ್ತಿಯಿಂದೀಚೆಗೆ ಪ್ರೋಗ್ರಾಮಿನ ಮ್ಯಾನಿಫೆಸ್ಟ್‌ನಲ್ಲಿ (ಅದರ ಜೊತೆಗಿರುವ ವಿವರಪಟ್ಟಿಯಲ್ಲಿ) ಯುಟಿಎಫ್‌-8 ಎಂದು ಘೋಷಿಸುವ ಅವಕಾಶವೂ ಇದೆ. ಅದನ್ನು ನೆಚ್ಚುವುದಾದರೆ ಮಿನ್‌ಜಿಡಬ್ಲ್ಯೂ ಒದಗಿಸುವ ಎಂಎಸ್‌ವೈಎಸ್‌2 ಸಲಕರಣೆಗಳ ಗುಚ್ಛದಲ್ಲಿ, ವಿಂಡೋಸ್‌ನ ಹೊಸ ಸಿ ಲೈಬ್ರರಿಗೆ ಜೋಡಿಸುವ ಯುಸಿಆರ್‌ಟಿ64 ಪರಿಸರದಲ್ಲಿಯೇ ಕಂಪೈಲ್‌ ಮಾಡಿ.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು, ಏಕೆಂದರೆ ನಿಮ್ಮ ತಂತ್ರಾಂಶದ ಕೆಲಸವೇ ಅಕಾರಾದಿ. ಯುನಿಕೋಡ್‌ ಕೋಷ್ಟಕದಲ್ಲಿ ‘ಳ’ಕಾರವು ‘ವ’ಕಾರಕ್ಕಿಂತ ಮೊದಲು ಬರುತ್ತದೆ. ಸಂಕೇತಸಂಖ್ಯೆಯನ್ನಷ್ಟೇ ನೋಡಿ ಜೋಡಿಸಿದರೆ ‘ಕಳಸ’ವು ‘ಕವನ’ದ ಮೇಲೆ ಕೂರುತ್ತದೆ, ನಮ್ಮ ನಿಘಂಟುಗಳಲ್ಲಿ ಅದು ‘ಕಹಿ’ಯ ನಂತರದ ಪದ. ಲಿನಕ್ಸ್‌ನಲ್ಲಿ ಈ ಕ್ರಮವನ್ನು ನೋಡಿಕೊಳ್ಳುವುದು ಅಲ್ಲಿನ ಲೊಕೇಲ್‌, ಅಂದರೆ ಭಾಷೆಗೆ ತಕ್ಕ ನಿಯಮಗಳ ಹೊಂದಿಕೆ. ಪದಗಳನ್ನು ಹೋಲಿಸುವ ಅದೇ ಸಾಲು ವಿಂಡೋಸ್‌ನಲ್ಲಿ ದೋಷವಿಲ್ಲದೆ ಕಂಪೈಲ್‌ ಆದರೂ ಫಲಿತಾಂಶ ಹಾಗೆಯೇ ಬಂದೀತೆಂದು ನಂಬಲಾಗದು. ಎರಡೂ ಕಡೆ ಯುನಿಕೋಡ್‌ ಪಠ್ಯದ ಕೆಲಸಗಳಿಗೆಂದೇ ಇರುವ ಐಸಿಯು ಲೈಬ್ರರಿಯ ಕನ್ನಡ ನಿಯಮಗಳನ್ನೇ ಬಳಸಿದರೆ ಈ ವ್ಯತ್ಯಾಸ ಉಳಿಯುವುದಿಲ್ಲ.

ವಿಂಡೋಸ್‌ಗೆಂದು ಬರೆಯುವುದನ್ನೆಲ್ಲ ಮೂಲದ ತುಂಬ ಚೆಲ್ಲದೆ ಒಂದೇ ಪ್ರತ್ಯೇಕ ಕಡತದಲ್ಲಿಡಿ, ಲಿನಕ್ಸ್‌ನಲ್ಲಿ ಏನೂ ಕೆಟ್ಟಿಲ್ಲವೆಂದು ಪರೀಕ್ಷಿಸಿ, ಅನಂತರ ಬದಲಾವಣೆಯನ್ನು ಮೂಲ ನಿರ್ವಾಹಕರಿಗೆ ಕಳುಹಿಸಿ. ಅವರು ಅದನ್ನು ಸೇರಿಸಿಕೊಂಡರೆ ಮುಂದಿನ ಆವೃತ್ತಿ ಬಂದಾಗ ನೀವು ಇದೇ ಕೆಲಸವನ್ನು ಮತ್ತೆ ಮಾಡಬೇಕಾಗುವುದಿಲ್ಲ.