ಹಾಡು ಉಳಿಯುವುದು ಯಾರ ಬಾಯಲ್ಲಿ?

ಪ್ರಿಯ ಮೇಷ್ಟ್ರೇ,

ಸಾಗರದ ಹತ್ತಿರದ ನಿಮ್ಮ ಊರಿಂದ ಬಂದ ಪತ್ರವನ್ನು ಎರಡು ಸಲ ಓದಿದೆ. ಚುನಾವಣೆ ಬಂದರೆ ಜೀಪಿನ ಮೈಕಿನಲ್ಲಿ ಸಿನಿಮಾ ಧಾಟಿಗೆ ಅಭ್ಯರ್ಥಿಯ ಹೆಸರು ಸೇರಿಸಿದ ಹಾಡು, ಮೆರವಣಿಗೆ ಬಂದರೆ ಎದೆ ನಡುಗಿಸುವ ಡಿಜೆ, ಹುಡುಗರ ಫೋನಿನಲ್ಲಿ ಅರ್ಥವಾಗದ ರ‍್ಯಾಪ್ ಎಂದು ಬೇಸರಪಟ್ಟಿದ್ದೀರಿ. ಎಪ್ಪತ್ತು-ಎಂಬತ್ತರ ದಶಕದ ಹೋರಾಟದ ಹಾಡುಗಳಂಥವು ಈಗ ಯಾಕೆ ಹುಟ್ಟುತ್ತಿಲ್ಲ, ಬರೆಯುವವರಲ್ಲಿ ಕಿಚ್ಚು ಆರಿಹೋಯಿತೇ ಎಂದು ಕೇಳಿದ್ದೀರಿ. ಕೊನೆಗೆ, ನಿಮ್ಮ ತಾಯಿ ಹಾಡುತ್ತಿದ್ದ ಕಾಗೋಡಿನ ಕೊಳಗದ (ಭತ್ತ ಅಳೆಯುವ ಪಾತ್ರೆಯ) ಹಾಡು ಅರ್ಧ ಮರೆತುಹೋಗಿದೆ ಎಂದು ಒಂದೇ ಒಂದು ಸಾಲು. ಇಡೀ ಪತ್ರಕ್ಕಿಂತ ಆ ಸಾಲೇ ನನ್ನನ್ನು ಜಾಸ್ತಿ ಕಾಡಿತು.

ಕಿಚ್ಚಿನ ಮಾತನ್ನು ನಾನು ಒಪ್ಪುವುದಿಲ್ಲ. ಆ ಕಾಲದಲ್ಲೂ ಕಿಚ್ಚಿನಿಂದ ಬರೆದ ಎಷ್ಟೋ ಹಾಡುಗಳು ಕರಪತ್ರದ ಜೊತೆಗೇ ಹರಿದುಹೋದವು. ನಮ್ಮ ಕಚೇರಿಯ ಕಪಾಟಿನಲ್ಲಿ ಅಂಥ ಹಳೆಯ ಹಾಡಿನ ಪುಸ್ತಿಕೆಗಳಿವೆ. ಪುಟಕ್ಕೊಂದು ಕ್ರಾಂತಿ, ಸಾಲಿಗೊಂದು ಧಿಕ್ಕಾರ. ಬರೆದವರ ಪ್ರಾಮಾಣಿಕತೆ ಬಗ್ಗೆ ನನಗೆ ಅನುಮಾನವೇ ಇಲ್ಲ. ಆದರೂ ಇವತ್ತು ಅವನ್ನು ಯಾರೂ ಗುನುಗುವುದಿಲ್ಲ.

ದಲಿತ ಕವಿ ಸಿದ್ಧಲಿಂಗಯ್ಯನವರ ‘ಯಾರಿಗೆ ಬಂತು ಎಲ್ಲಿಗೆ ಬಂತು ನಲವತ್ತೇಳರ ಸ್ವಾತಂತ್ರ್ಯ’ ಮಾತ್ರ ಉಳಿಯಿತು. ದಲಿತ ಸಂಘರ್ಷ ಸಮಿತಿ ಬೇರು ಬಿಟ್ಟಿದ್ದು ನಮ್ಮ ಭದ್ರಾವತಿಯಲ್ಲಿ, ಅಲ್ಲಿ ಕಾಲೇಜು ಮೇಷ್ಟ್ರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳ್ತನದಲ್ಲಿ. ಈ ಕಡೆಯ ಹುಡುಗರು ಸಮಿತಿಯ ಮೆರವಣಿಗೆಗೆ ಹೋಗಿ ಇಂಥ ಹಾಡು ಕಲಿತು ಬರುತ್ತಿದ್ದರು.

ನಾನು ಆ ಹಾಡನ್ನು ಮರೆಯಲಾಗದಂತೆ ಕೇಳಿದ್ದು ತೀರ್ಥಹಳ್ಳಿ ಕಡೆಯ ಒಂದು ಮನೆಯ ಚಪ್ಪರದಲ್ಲಿ. ಅಡಿಕೆ ಸುಲಿತದ ಕಾಲ, ರಾತ್ರಿ. ಹತ್ತು-ಹನ್ನೆರಡು ಹೆಂಗಸರು ಮೆಟ್ಟುಗತ್ತಿ ಹಾಕಿಕೊಂಡು ಕೂತಿದ್ದರು. ಕೂಲಿ ಡಬ್ಬದ ಲೆಕ್ಕ. ಡಬ್ಬ ತುಂಬಿತು ಅನ್ನುವಾಗ ಆ ಮನೆಯ ಯಜಮಾನರು ಅದನ್ನು ಎರಡು ಸಲ ಕುಲುಕುತ್ತಿದ್ದರು. ಕುಲುಕಿದರೆ ಅಡಿಕೆ ಕೂತು ಡಬ್ಬ ಎರಡು ಬೆರಳು ಇಳಿಯುತ್ತದೆ. ಮತ್ತೊಂದು ಬೊಗಸೆ ಸುಲಿದು ಹಾಕಬೇಕು. ಮೂಲೆಯಲ್ಲಿದ್ದ ಅಜ್ಜಿಯೊಬ್ಬರು ತಲೆ ಎತ್ತದೆ ‘ಯಾರಿಗೆ ಬಂತು ಎಲ್ಲಿಗೆ ಬಂತು’ ಅಂತ ಎತ್ತಿಕೊಂಡರು. ‘ನಲವತ್ತೇಳರ ಸ್ವಾತಂತ್ರ್ಯ’ ಬರಬೇಕಾದ ಜಾಗದಲ್ಲಿ ‘ಕುಲುಕಿದ ಡಬ್ಬದ ಅಡಿಕೆ’ ಅಂದರು. ಉಳಿದವರೆಲ್ಲ ತಿರುಗಿ ಹೇಳಿದರು. ಕತ್ತಿಯ ಸದ್ದೇ ತಾಳ. ಯಜಮಾನರು ಏನೂ ಅನ್ನಲಿಲ್ಲ. ಆ ರಾತ್ರಿ ಮತ್ತೆ ಡಬ್ಬ ಕುಲುಕಲೂ ಇಲ್ಲ.

ಆ ಅಜ್ಜಿಗೆ ಹಾಡು ಬರೆದವರು ಯಾರೆಂದು ಗೊತ್ತಿರಲಿಲ್ಲ. ಮಗನ ಬಾಯಿಂದ ಕೇಳಿದ್ದರು, ಅಷ್ಟೇ. ಆದರೆ ಹಾಡು ಅವರದಾಗಿತ್ತು. ಪಲ್ಲವಿ ಒಂದು ಪ್ರಶ್ನೆ ನೋಡಿ. ಉತ್ತರ ಸಿಗುವ ತನಕ ಕೇಳುತ್ತಲೇ ಇರಬಹುದು, ತಮ್ಮ ತಮ್ಮ ಸಂಕಟ ಸೇರಿಸಿ ಕೇಳಬಹುದು. ಅಭ್ಯರ್ಥಿಯ ಹೆಸರಿನ ಹಾಡಿನಲ್ಲಿ ಬೇರೆಯವರಿಗೆ ಜಾಗವೇ ಇಲ್ಲ. ಮತ ಎಣಿಕೆಯ ದಿನ ಸಂಜೆಗೆ ಅದರ ಕೆಲಸ ಮುಗಿಯುತ್ತದೆ.

ಡಬ್ಬದ ವಿಷಯ ಇಷ್ಟು ಹೇಳಿದ್ದು ನಿಮ್ಮ ಕೊಳಗದ ಕಾರಣಕ್ಕೇ. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತದ್ದೂ ಅಳತೆಯ ಮೇಲೇ ಅಲ್ವಾ? ಗೇಣಿ ಭತ್ತ ಅಳೆಯಲು ಒಡೆಯರು ಇಟ್ಟುಕೊಂಡಿದ್ದ ಕೊಳಗ ದೊಡ್ಡದು. ಎಚ್. ಗಣಪತಿಯಪ್ಪನವರು ಜನರನ್ನು ಸಂಘಟಿಸಿದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಇದೆಲ್ಲ ನೀವೇ ಮಕ್ಕಳಿಗೆ ಪಾಠ ಹೇಳಿದ ವಿಷಯ. ನಿಮ್ಮ ತಾಯಿಯ ಹಾಡಿನಲ್ಲಿ ಭೂಸುಧಾರಣೆ ಎಂಬ ಪದ ಇದ್ದಿರಲಾರದು. ದಿನಾ ಕೈಯಲ್ಲಿ ಹಿಡಿಯುವ ಕೊಳಗ ಇತ್ತು. ಅದಕ್ಕೇ ಅರ್ಧವಾದರೂ ಉಳಿದಿದೆ.

ಶಿಕಾರಿಪುರದ ಈಸೂರನ್ನೇ ನೋಡಿ. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಹಾಡಲ್ಲ, ಘೋಷಣೆ. 1942ರ ಕ್ವಿಟ್ ಇಂಡಿಯಾ ಚಳವಳಿಯ ಕಾಲದ್ದು. ಮರುವರ್ಷ ಆ ಊರಿನ ಹೋರಾಟದಲ್ಲಿದ್ದ ಐವರನ್ನು ಗಲ್ಲಿಗೇರಿಸಿದರು. ನಾಲ್ಕೇ ಪದ, ಪ್ರಾಸ ಊರ ಹೆಸರಿನಲ್ಲೇ ಇದೆ. ಇವತ್ತಿಗೂ ಶಾಲೆ ಮಕ್ಕಳು ಒಂದು ಸಲ ಕೇಳಿದರೆ ಸಾಕು, ಬಾಯಿಗೆ ಬಂದುಬಿಡುತ್ತದೆ.

‘ನಾವು ಗೆದ್ದೇ ಗೆಲ್ಲುವೆವು’ ಎಂದು ನಿಮ್ಮ ಶಾಲೆಯಲ್ಲೂ ಹಾಡಿಸಿರುತ್ತೀರಿ. ಅದರ ಮೂಲ ಅಮೆರಿಕದ ಕಪ್ಪುಜನರ ಚರ್ಚಿನ ಹಾಡುಗಳಲ್ಲಿದೆ. ಅಲ್ಲಿ ‘ನಾನು’ ಅಂತ ಇತ್ತು. 1945ರಲ್ಲಿ ಚಾರ್ಲ್ಸ್‌ಟನ್ ಊರಿನ ತಂಬಾಕು ಕಾರ್ಖಾನೆಯಲ್ಲಿ ಮುಷ್ಕರ ಹೂಡಿದ ಕಾರ್ಮಿಕರು ‘ನಾವು’ ಅಂತ ಹಾಡಿದರು. ಒಂದು ಪದ ಬದಲಾಯಿತು, ಹಾಡು ಲೋಕ ಸುತ್ತಿತು. ಅವರೂ ನಮ್ಮ ಅಡಿಕೆ ಚಪ್ಪರದ ಅಜ್ಜಿಯಂಥವರೇ ಎಂದು ನನಗೆ ಅನ್ನಿಸುತ್ತದೆ.

ನಮ್ಮ ಕುಪ್ಪಳಿಯ ಕವಿಯ ‘ನೇಗಿಲಯೋಗಿ’ ಬಗ್ಗೆ ನನಗೆ ಒಂದು ನೋವಿದೆ. ಸಿಂಹಾಸನಗಳು ಬರಲಿ ಹೋಗಲಿ, ಉಳುವವನು ಉಳುತ್ತಲೇ ಇರುತ್ತಾನೆ ಎಂದು ರಾಜ್ಯವಾಳುವವರ ಮುಂದೆ ಎದೆ ಸೆಟೆದು ಹೇಳುವ ಹಾಡು ಅದು. ಈಗ ಸಮಾರಂಭಗಳಲ್ಲಿ ರೈತಗೀತೆ ಎಂದು ಘೋಷಿಸುತ್ತಾರೆ, ವೇದಿಕೆ ಮೇಲೆ ನಾಲ್ಕು ಜನ ಕೀಬೋರ್ಡ್ ಜೊತೆ ಹಾಡುತ್ತಾರೆ. ಎದುರಿಗಿರುವ ರೈತರು ಸುಮ್ನೆ ನಿಂತಿರುತ್ತಾರೆ. ಮೈಕು ಕೆಳಗೆ ಬರಬೇಕು. ಹಸಿರು ಶಾಲಿನವರು ದನಿ ಸೇರಿಸಬೇಕು. 1980ರಲ್ಲಿ ರೈತ ಸಂಘ ಕಟ್ಟಿದ ಶಿವಮೊಗ್ಗದಲ್ಲಾದರೂ ಹೀಗಾಗಲಿ ಎಂದು ಆಸೆ.

ಡಿಜೆ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಪಕ್ಕದವರ ದನಿ ಕೇಳದ ಕಡೆ ಯಾರೂ ಬಾಯಿ ಬಿಡುವುದಿಲ್ಲ. ಆದರೆ ರ‍್ಯಾಪ್ ಹುಡುಗರನ್ನು ಬಿಟ್ಟುಬಿಡಬೇಡಿ. ಮೊನ್ನೆ ಕಾಲೇಜಿನ ಹುಡುಗನೊಬ್ಬ ನಮ್ಮ ಕಚೇರಿಗೆ ಬಂದು ಶರಾವತಿ ಅಣೆಕಟ್ಟಿನ ನೀರಿನಲ್ಲಿ ಮನೆ-ಜಮೀನು ಮುಳುಗಿದವರ ಬಗ್ಗೆ ಬರೆದಿದ್ದನ್ನು ಹೇಳಿದ. ಅರ್ಧ ನನಗೆ ಹಿಡಿಯಲಿಲ್ಲ, ಅಷ್ಟು ವೇಗ. ನಡುನಡುವೆ ಮಾತ್ರ ‘ಮನೆ ಎಲ್ಲಿ, ಪಟ್ಟೆ ಎಲ್ಲಿ’ ಅಂತ ನಿಲ್ಲಿಸುತ್ತಿದ್ದ. ಪಟ್ಟೆ ಅಂದರೆ ಜಮೀನಿನ ಹಕ್ಕುಪತ್ರ. ಮೂರನೇ ಸಲ ಬರುವಾಗ ನಮ್ಮ ಅಚ್ಚಿನ ಮನೆಯ ಹುಡುಗರೂ ಜೊತೆಗೆ ಹೇಳಿದರು. ಉಳಿದ ಭಾಗ ಮರೆತುಹೋದರೂ ಪರವಾಗಿಲ್ಲ, ಆ ನಾಲ್ಕು ಪದ ಗಟ್ಟಿ ಇದೆ ಎಂದು ಅವನಿಗೆ ಹೇಳಿ ಕಳಿಸಿದೆ.

ಮೇಷ್ಟ್ರೇ, ಒಂದು ಕೆಲಸ ಮಾಡಿ. ಕೊಳಗದ ಹಾಡು ನೆನಪಿದ್ದಷ್ಟು ಬರೆದು ಕಳಿಸಿ. ಧಾಟಿಯನ್ನು ಮೊಮ್ಮಕ್ಕಳ ಫೋನಿನಲ್ಲಿ ಹಾಡಿ ಕಳಿಸಿ, ರಾಗ ತಪ್ಪಿದರೂ ಸರಿ. ಅಚ್ಚು ಮಾಡುತ್ತೇವೆ. ಉಳಿದ ಅರ್ಧ ನೆನಪಿರುವವರು ನಿಮ್ಮ ಸುತ್ತಿನ ಊರುಗಳಲ್ಲಿ ಯಾರಾದರೂ ಇನ್ನೂ ಇದ್ದೇ ಇರುತ್ತಾರೆ.

ಇಂತು ನಿಮ್ಮ,
ಸಂಪಾದಕ