ಚಳಿಗಾಲದಲ್ಲಿ ಗೋಬರ್ ಗ್ಯಾಸ್ ಕಡಿಮೆ ಬರುತ್ತಿದೆ, ಜಾಸ್ತಿ ಮಾಡುವುದು ಹೇಗೆ?

ಚಳಿ ಶುರುವಾದರೆ ಗ್ಯಾಸ್ ಇಳಿಯುವುದು ಸಹಜ. ಮೀಥೇನ್ (ಒಲೆಯಲ್ಲಿ ಉರಿಯುವ ಗ್ಯಾಸ್) ಮಾಡುವ ಸೂಕ್ಷ್ಮಜೀವಿಗಳಿಗೆ 35 ಡಿಗ್ರಿ ಆಸುಪಾಸಿನ ಬಿಸಿ ಬೇಕು. ಗುಂಡಿಯೊಳಗೆ 20ಕ್ಕಿಂತ ಕಡಿಮೆಯಾದರೆ ಅವುಗಳ ಕೆಲಸ ತುಂಬಾ ನಿಧಾನ. ಹಾಗಂತ ಸುಮ್ನೆ ಜಾಸ್ತಿ ಸಗಣಿ ಸುರಿಯಬೇಡಿ. ಪೂರ್ತಿ ಕೊಳೆಯುವ ಮೊದಲೇ ಅದು ಹೊರಗುಂಡಿಗೆ ಬಂದುಬಿಡುತ್ತದೆ.

ಬೆಳಗ್ಗೆ ತಣ್ಣೀರಲ್ಲಿ ಕಲಸುವ ಬದಲು ಮಧ್ಯಾಹ್ನ, ಬಿಸಿಲಿಗೆ ಕಾದ ನೀರಲ್ಲಿ ಕಲಸಿ. ಒಂದು ಬಕೆಟ್ ಸಗಣಿಗೆ ಒಂದು ಬಕೆಟ್ ನೀರು. ಕೈ ಹಾಕಿ ಗಂಟು ಒಡೆಯಿರಿ, ಹುಲ್ಲಿನ ಕಡ್ಡಿ ಆರಿಸಿ ತೆಗೆಯಿರಿ. ಕಡ್ಡಿ ಮೇಲೆ ತೇಲಿ ಗಟ್ಟಿ ಪದರ ಕಟ್ಟಿದರೆ ಗ್ಯಾಸ್ ಅದರ ಕೆಳಗೇ ಸಿಕ್ಕಿಹಾಕಿಕೊಳ್ಳುತ್ತದೆ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಇದು: ಫಿನಾಯಿಲ್, ಸೋಪು ಹಾಕಿ ಕೊಟ್ಟಿಗೆ ತೊಳೆದ ನೀರು ಒಳಗೆ ಹೋಗಲೇಬಾರದು. ಆ ಜೀವಿಗಳೇ ಸತ್ತರೆ ಗ್ಯಾಸ್ ಎಲ್ಲಿಂದ ಬರಬೇಕು, ಅಲ್ವಾ? ಆಂಟಿಬಯಾಟಿಕ್ ಕೊಟ್ಟ ಹಸುವಿನ ಸಗಣಿಯನ್ನೂ ಕೆಲವು ದಿನ ಬೇರೆ ಇಡಿ.

ಉಳಿದ ಅನ್ನ, ಗಂಜಿ ಸ್ವಲ್ಪ ಹಾಕಿದರೆ ಗ್ಯಾಸ್ ಹೆಚ್ಚುತ್ತದೆ. ಒಮ್ಮೆಲೇ ಸುರಿದರೆ ಗುಂಡಿ ಹುಳಿಯಾಗುತ್ತದೆ. ಹುಳಿ ವಾಸನೆ ಬಂದು ಒಲೆ ಸರಿಯಾಗಿ ಉರಿಯದಿದ್ದರೆ ಕೆಲವು ದಿನ ಏನೂ ಹಾಕಬೇಡಿ. ಆಮೇಲೆ ಬರೀ ಸಗಣಿಯಿಂದ, ಸ್ವಲ್ಪ ಸ್ವಲ್ಪವಾಗಿ ಮತ್ತೆ ಶುರುಮಾಡಿ.